ಬಸ್ರಾಗೆ ಇಪ್ಪತ್ತು ಗಳಿಗೆ

ರಾಯಲ್ಪಾಡಿನ ಗಂಗುಲಪ್ಪನ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಇತ್ತ ಗೌನಿಪಲ್ಲಿಯಿಂದ ಅತ್ತ ಮುಳಬಾಗಿಲಿನವರೆಗೆ ಯಾರ ಮನೆಯಲ್ಲಿ ಮದುವೆಯಾದರೂ ಹೊತ್ತು ಹೇಳುವವನು ಅವನೇ. ಜೋಯಿಸರು ಪಂಚಾಂಗ ನೋಡಿ, ಸೂರ್ಯ ಹುಟ್ಟಿ ಏಳನೇ ಗಳಿಗೆಗೆ ತಾಳಿ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಆ ಏಳನೇ ಗಳಿಗೆ ಯಾವಾಗ ಬಂತು ಎಂದು ಹೇಳಬೇಕಾದರೆ ಗಂಗುಲಪ್ಪನ ಬಟ್ಟಲೇ ಬರಬೇಕಿತ್ತು.

ಬಟ್ಟಲೆಂದರೆ ದೊಡ್ಡ ಮಾಯವೇನಲ್ಲ. ಅಂಗೈಯಗಲದ ತೆಳುವಾದ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರು ತುಂಬಿದ ಕೊಪ್ಪರಿಗೆಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರು ಒಳಗೇರಿ, ಇಪ್ಪತ್ತನಾಲ್ಕು ನಿಮಿಷಕ್ಕೆ ಸರಿಯಾಗಿ ಗುಳುಂ ಎಂದು ಮುಳುಗುತ್ತಿತ್ತು. ಅದು ಒಂದು ಗಳಿಗೆ. ಮುಳುಗಿದ್ದನ್ನು ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟು, ಲೆಕ್ಕಕ್ಕೆ ಒಂದು ಹುಣಸೆಬೀಜ ಪಕ್ಕಕ್ಕಿಡುವುದು. ಇಷ್ಟೇ ವಿದ್ಯೆ. ಆದರೆ ಅದಕ್ಕೂ ಕಟ್ಟುಪಾಡುಗಳಿದ್ದವು. ಸೂರ್ಯನ ಅರ್ಧ ಬಿಂಬ ಕಂಡ ಕೂಡಲೇ ಮೊದಲ ಬಟ್ಟಲು ನೀರಿಗಿಳಿಯಬೇಕು. ಇಟ್ಟವನು ಎಣಿಕೆ ಮುಗಿಯುವತನಕ ಜಾಗ ಬಿಟ್ಟು ಏಳಬಾರದು. ಎಣಿಕೆ ಮುಗಿದ ಮೇಲೆ ಬಟ್ಟಲನ್ನು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೋರಲು ಹಾಕಬೇಕು. ಆ ಅಕ್ಕಿಯನ್ನು ಮನೆಯ ಹೆಣ್ಣುಮಗಳು ಬೇಯಿಸಿ ಎಲ್ಲರಿಗೂ ಒಂದೊಂದು ತುತ್ತು ಬಡಿಸಬೇಕು. ಬಟ್ಟಲು ಬೋರಲಾಯಿತು ಎಂದರೆ ಕೆಲಸ ಮುಗಿಯಿತು ಎಂದರ್ಥ. ಆಮೇಲೆ ಬಂದವರು ಆ ಹೊತ್ತಿಗೆ ಸೇರಿದವರಲ್ಲ.

ಇದರ ಬಗ್ಗೆ ಮನೆಯಲ್ಲಿ ಒಂದು ಹಳೆಯ ಕಥೆಯೂ ಇತ್ತು. ಗಂಗುಲಪ್ಪನ ತಾತ ಗೌನಿಪಲ್ಲಿಯ ಮದುವೆಯೊಂದರಲ್ಲಿ ತೂಕಡಿಸಿ, ಬೀಜ ತಪ್ಪಾಗಿ ಎಣಿಸಿ, ಒಂದು ಗಳಿಗೆ ಮುಂಚೆಯೇ ಬಟ್ಟಲನ್ನು ಬೋರಲು ಹಾಕಿಬಿಟ್ಟನಂತೆ. ದಿಬ್ಬಣದ ಕೊನೆಯ ಗಾಡಿ ಆಗಿನ್ನೂ ದಾರಿಯಲ್ಲಿತ್ತು. ಎತ್ತುಗಳು ಬಂದವು, ಗಾಡಿ ಬಂತು, ಹುಲ್ಲಿನ ಮೇಲೆ ಹಾಸಿದ್ದ ಜಮಖಾನವೂ ಬಂತು. ಅದರ ಮೇಲೆ ಕೂತಿದ್ದ ಮೂವರು ಬರಲಿಲ್ಲ. ಈ ಕಥೆ ಹೇಳುವಾಗಲೆಲ್ಲ ಗಂಗುಲಪ್ಪ ನಗುತ್ತಿದ್ದ. "ಯಾವ್ದೋ ಈಚಲು ತೋಪಿನ ಹತ್ರ ಇಳ್ಕೊಂಡಿರ್ತಾರೆ ಬಿಡ್ರಿ, ಹೆಂಡ ಕಂಡ್ರೆ ಯಾವ ದಿಬ್ಬಣ?" ಎನ್ನುತ್ತಿದ್ದ. ನಗುತ್ತಿದ್ದನೇ ಹೊರತು, ನಲವತ್ತು ವರ್ಷದಲ್ಲಿ ಒಂದು ದಿನವೂ ಬಟ್ಟಲಿನ ಮುಂದೆ ಕಣ್ಣು ಮುಚ್ಚಿದವನಲ್ಲ.

ಬಟ್ಟಲನ್ನು ಕಂಡು ನಿಜವಾಗಿ ನಗುತ್ತಿದ್ದವನೆಂದರೆ ಕದಿರೇಶ. ಗಂಗುಲಪ್ಪನ ಸತ್ತುಹೋದ ಅಕ್ಕನ ಮಗ. ಆರು ವರ್ಷಕ್ಕೇ ತಬ್ಬಲಿಯಾಗಿ ಸೋದರಮಾವನ ಮನೆ ಸೇರಿದವನು, ಅಲ್ಲೇ ಬೆಳೆದು, ಮಾವನ ಒಬ್ಬಳೇ ಮಗಳು ಶಾಮಲಮ್ಮನನ್ನೇ ಕೈಹಿಡಿದಿದ್ದ. ಅವರ ತಾಳಿಯ ಹೊತ್ತಿಗೂ ಗಂಗುಲಪ್ಪನದೇ ಬಟ್ಟಲು. ಹುಡುಗನಿಗೆ ಮೊದಲಿನಿಂದಲೂ ಕಬ್ಬಿಣದ ಹುಚ್ಚು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಇದ್ದಿಲ ಹೊಗೆಯಲ್ಲಿ ಕೆಮ್ಮುತ್ತಾ ಓಡುತ್ತಿದ್ದ ಬಸ್ಸಿನ ಕೆಳಗೆ ಮಲಗಿ ರಿಪೇರಿ ಕಲಿತ. ಅಲ್ಲಿಂದ ಬೆಂಗಳೂರಿಗೆ ಹೋಗಿ ವಿಮಾನ ರಿಪೇರಿಗೆ ಸೇರಿದ. ಯುದ್ಧ ಬಿಸಿಯಾದಾಗ ಖಾಕಿ ತೊಟ್ಟು ಕರಾಚಿಗೆ ಹೋದ. ಮಾವ ಬೈದ, ಶಾಮಲಮ್ಮ ಎರಡು ದಿನ ಒಲೆ ಹಚ್ಚಲಿಲ್ಲ. ಹೋಗುವವನು ಹೋದ.

ನಲವತ್ಮೂರನೇ ಇಸವಿಯ ಫೆಬ್ರವರಿಯಲ್ಲಿ ಹತ್ತು ದಿನ ರಜೆಯ ಮೇಲೆ ಬಂದಿದ್ದ. ಮಾವಿನ ಮರಗಳು ಹೂ ತುಂಬಿ ನಿಂತಿದ್ದವು. ಹೊರಡುವ ದಿನ ಮಾವನನ್ನು ತೋಪಿನೊಳಗೆ ಕರೆದುಕೊಂಡು ಹೋಗಿ ಆ ಕಡೆ ಈ ಕಡೆ ನೋಡಿದ.

"ಮಾವಾ, ಯಾರ ಹತ್ರಾನೂ ಬಾಯ್ ಬಿಡ್ಬೇಡ. ಹೇಳ್ಬಾರ್ದು ಅಂತ ಆರ್ಡ್ರು ಐತೆ. ಮುಂದಿನ ತಿಂಗ್ಳು ಹನ್ನೊಂದ್ನೇ ತಾರೀಕು, ಗುರುವಾರ, ನಮ್ ಪ್ಲೇನು ಕರಾಚಿಯಿಂದ ಬಸ್ರಾಗೆ ಹೋಗ್ತದೆ. ನಾನೂ ಅದ್ರಾಗೆ ಹೋಗ್ತೀನಿ."

"ಬಸ್ರಾ ಅಂದ್ರೆ ಎಲ್ಲೋ? ಕೋಲಾರದಿಂದ ಆಚೆಗಾ?"

ಕದಿರೇಶ ನಕ್ಕುಬಿಟ್ಟ. "ಕೋಲಾರದಿಂದ ಆಚೆಗೇ ಮಾವಾ. ಸ್ವಲ್ಪ ದೂರ ಜಾಸ್ತಿ, ಸಮುದ್ರದ ಮೇಲೇ ಹೋಗ್ಬೇಕು. ಮಧ್ಯ ಎಲ್ಲೂ ಇಳಿಯಾಕಿಲ್ಲ. ಸೂರ್ಯ ಹುಟ್ಟೋದಕ್ಕೂ ನಾವು ಮೇಲಕ್ಕೇಳೋದಕ್ಕೂ ಸರಿಯಾಗಿರ್ತದೆ."

"ಎಷ್ಟ್ ಹೊತ್ತು ಮೇಲಿರ್ತೀಯಾ?"

"ಅದು ಗಾಳಿ ಹೆಂಗೈತೆ ಅನ್ನೋದ್ರ ಮೇಲೆ ಹೋಗ್ತದೆ. ಖಾದರ್ ಮೇಷ್ಟ್ರ ಹತ್ರ ಭೂಮಿ ಗುಂಡು ಐತಲ್ಲ, ದಾರ ಹಿಡ್ದು ಅಳೆಸ್ಕೋ. ಗಂಟೆಗೆ ನೂರೈವತ್ತೈದು ಮೈಲಿ ಅಂತ ಹೇಳು ಅವ್ರಿಗೆ."

ಮರದ ಹಿಂದಿನಿಂದ ಶಾಮಲಮ್ಮ ಈಚೆ ಬಂದಳು. ಗಂಡ ಗುಟ್ಟು ಹೇಳುತ್ತಿದ್ದಾನೆಂದರೆ ಅವಳು ಮನೆಯೊಳಗೆ ಕೂರುವ ಹೆಣ್ಣೇ ಅಲ್ಲ. ಕಣ್ಣು ಕೆಂಪಾಗಿದ್ದವು. ಅಪ್ಪನ ಕಡೆ ತಿರುಗಿದಳು. "ನಾಯ್ನ, ಅವತ್ತು ಬಟ್ಟಲಿಡು. ಹಿಂದೆ ತಿರುಪತಿಗೆ ನಡ್ಕೊಂಡು ಹೋಗೋರಿಗೆ ಇಡ್ತಿದ್ರಲ್ಲ, ಹಂಗೆ. ಮೇಲಿರೋಷ್ಟು ಹೊತ್ತೂ ನಾವೂ ಜೊತೇಲಿ ಕೂತಿರೋಣ. ಇಳ್ದ್ರು ಅಂತ ಗೊತ್ತಾದ್ರೆ ಸಾಕು ನಂಗೆ."

"ಇಡು ಮಾವಾ," ಎಂದ ಕದಿರೇಶ. "ನಮ್ ಪೈಲೆಟ್ಟಿಗಿಂತ ನಿನ್ ಬಟ್ಟಲೇ ವಾಸಿ. ನೀನು ಬೋರಲು ಹಾಕಿದ್ ತಕ್ಷಣ ಇಳ್ದುಬಿಡ್ತೀನಿ." ನಗುತ್ತಲೇ ಹೇಳಿದ. ಗಂಗುಲಪ್ಪನಿಗೆ ಆ ಮಾತು ಯಾಕೋ ಹಿಡಿಸಲಿಲ್ಲ. ಹೋಗುವ ಮಗನಿಗೆ ಎದುರಾಡಬಾರದೆಂದು ಹೂಂ ಎಂದ.

ಅಬ್ದುಲ್ ಖಾದರ್ ಉರ್ದು ಶಾಲೆಯ ಮೇಷ್ಟ್ರು. ಅವರ ಬಳಿಯಿದ್ದ ಭೂಮಿಯ ಗುಂಡು ಎಂದೋ ಕೆಳಗೆ ಬಿದ್ದು ಆಫ್ರಿಕಾದ ಹೊಟ್ಟೆ ಒಳಕ್ಕೆ ಹೋಗಿತ್ತು. ಅದೃಷ್ಟಕ್ಕೆ ಕರಾಚಿಯೂ ಬಸ್ರಾವೂ ನೆಟ್ಟಗಿದ್ದವು. ಮೇಷ್ಟ್ರು ಎರಡು ಊರಿಗೂ ದಾರ ಎಳೆದು ಹಿಡಿದು, ಆ ದಾರವನ್ನು ಅಳತೆಗೆ ಹಚ್ಚಿ, ಸ್ಲೇಟಿನ ಮೇಲೆ ಗುಣಾಕಾರ ಭಾಗಾಕಾರ ಮಾಡಿದರು.

"ಸಾವಿರದ ಇನ್ನೂರ ನಲವತ್ತು ಮೈಲಿ. ಗಂಟೆಗೆ ನೂರೈವತ್ತೈದು ಅಂದ್ರೆ ಎಂಟು ಗಂಟೆ. ಯಾಕೆ ಗಂಗುಲಪ್ಪನೋರೆ, ಮಾವಿನಕಾಯಿ ಕಳಿಸ್ತೀರಾ ಬಸ್ರಾಗೆ?"

"ಸುಮ್ನೆ ಕೇಳ್ದೆ ಮೇಷ್ಟ್ರೇ."

ಖಾದರ್ ಮೇಷ್ಟ್ರಿಗೆ ಅರ್ಥವಾಗದೆ ಇರಲಿಲ್ಲ. ಕಾಲ ಸರಿಯಿಲ್ಲವೆಂದು ಅವರೂ ಕೆದಕಲಿಲ್ಲ. ಇನ್ನೊಂದು ಮಾತು ಕೇಳಿದ್ದರೆ, ಬಟ್ಟಲಿನ ವಿಷಯ ಗಂಗುಲಪ್ಪನೂ ಬಾಯಿಬಿಟ್ಟಿದ್ದರೆ, ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲವೋ ಏನೋ. ಎಂಟು ಗಂಟೆ ಎಂದರೆ ಸರಿಯಾಗಿ ಇಪ್ಪತ್ತು ಗಳಿಗೆ; ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂತಿತೆಂದು ಗಂಗುಲಪ್ಪ ಹಿಗ್ಗಿ ಮನೆಗೆ ಬಂದ.

ಹನ್ನೊಂದನೇ ತಾರೀಕು ಗುರುವಾರ. ಮೇಷ್ಟ್ರು ಊರಲ್ಲಿರಲಿಲ್ಲ, ಮಾಲೂರಿನಲ್ಲಿದ್ದ ತಂಗಿ ಬದ್ರುನ್ನೀಸಾಳ ಮನೆಗೆ ಹೋಗಿದ್ದರು. ಗಂಗುಲಪ್ಪ ತಣ್ಣೀರು ಸ್ನಾನ ಮಾಡಿ, ಪಡಸಾಲೆಯಲ್ಲಿ ಕೊಪ್ಪರಿಗೆ ಇಟ್ಟು, ಇಪ್ಪತ್ತು ಹುಣಸೆಬೀಜ ಎಣಿಸಿಟ್ಟುಕೊಂಡ. ಬಾಗಿಲಿನಾಚೆ ಗುಡ್ಡದ ತಲೆಯ ಮೇಲೆ ಸೂರ್ಯನ ಅರ್ಧ ಬಿಂಬ ಕಂಡಿತು. ಬಟ್ಟಲು ನೀರಿಗಿಳಿಯಿತು.

"ಎದ್ರು ನಾಯ್ನ," ಎಂದಳು ಶಾಮಲಮ್ಮ, ಆಕಾಶ ನೋಡುತ್ತಾ.

ಹತ್ತು ಬೀಜದವರೆಗೆ ಎಲ್ಲವೂ ಎಂದಿನಂತೆಯೇ ಇತ್ತು. ಅವಳು ನಡುನಡುವೆ ಬಂದು, ಈಗ ಎಲ್ಲಿರಬಹುದು ಎಂದು ಕೇಳುವಳು. ಇವನು, ಅರ್ಧ ದಾರಿ ಆಯ್ತು ಎಂದು ತಿಳಿದವನಂತೆ ಹೇಳುವನು. ಹದಿನೈದಾದ ಮೇಲೆ ಬಟ್ಟಲು ತಡವಾಗಿ ಮುಳುಗುತ್ತಿದೆ ಎನ್ನಿಸಿತು. ಹೊಟ್ಟೆ ಹಸಿದದ್ದಕ್ಕೆ ಹೀಗೆ ಅನ್ನಿಸುತ್ತಿರಬೇಕು ಎಂದುಕೊಂಡ. ಇಪ್ಪತ್ತನೆಯದು ಅಂಚಿನವರೆಗೆ ನೀರು ತುಂಬಿಕೊಂಡೂ ಹಾಗೇ ನಿಂತಿತ್ತು, ಒಳಗೆ ಹೋಗಲೊಲ್ಲದು. ನೀರು ಮಿಸುಕುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ದನಗಳು ಮೆಲುಕು ಹಾಕುವುದನ್ನು ನಿಲ್ಲಿಸಿದ್ದವು. ಆಮೇಲೆ ಗುಳುಂ ಎಂದಿತು.

ಗಂಗುಲಪ್ಪ ಬಟ್ಟಲೆತ್ತಿ ಅಕ್ಕಿಯ ಮೇಲೆ ಬೋರಲು ಹಾಕಿದ. "ಇಳ್ದ ಕಣಮ್ಮ. ಎದ್ದು ಅನ್ನಕ್ಕಿಡು," ಎಂದ. ಶಾಮಲಮ್ಮ ಕೈಮುಗಿದಳು. ಅಷ್ಟು ಸಮಾಧಾನ ಅವಳ ಮುಖದಲ್ಲಿ ಎಷ್ಟೋ ದಿನದಿಂದ ಇರಲಿಲ್ಲ.

ಅನ್ನ ಬಂತು. ಒಂದು ತುತ್ತು ಬಾಯಿಗಿಟ್ಟವನು ಉಗುಳಿಬಿಟ್ಟ. "ಏನೇ ಇದು, ಉಪ್ಪಿನ ಮಡಿಕೇನೇ ಬಗ್ಗಿಸ್ಬಿಟ್ಟಿದ್ದೀಯಾ?"

"ನಾನು ಉಪ್ಪೇ ಹಾಕಿಲ್ವಲ್ಲ ನಾಯ್ನ."

ಅವಳೂ ತಿಂದು ನೋಡಿದಳು. ಅವಳ ಬಾಯಿಗೂ ಬರೀ ಉಪ್ಪು. ಗಂಗುಲಪ್ಪ ಎದ್ದು ಹೋಗಿ ಕೊಪ್ಪರಿಗೆಯ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದ. ಬೆಳಗ್ಗೆ ತಾನೇ ಸೇದಿ ತಂದ ಬಾವಿಯ ಸಿಹಿನೀರು ಬಾಯಲ್ಲಿಡಲಾರದಷ್ಟು ಉಪ್ಪಾಗಿತ್ತು. ಸಮುದ್ರ ಕಂಡವನಲ್ಲ ಅವನು. ಅದರ ನೀರು ಉಪ್ಪು ಎಂದು ಕೇಳಿ ಮಾತ್ರ ಗೊತ್ತಿತ್ತು.  ಮಗಳಿಗೆ ಏನೂ ಹೇಳದೆ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದ.

ಯುಗಾದಿ ಕಳೆದು ಸರ್ಕಾರದ ಕಾಗದ ಬಂತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಮೇಷ್ಟ್ರು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಕನ್ನಡಕ ತೆಗೆದು, "ಕಾಣೆಯಾಗಿದ್ದಾರೆ ಅಂತ ಬರೆದವ್ರೆ. ಸತ್ತವ್ರೆ ಅಂತ ಬರೆದಿಲ್ಲ," ಎಂದರು. ಶಾಮಲಮ್ಮ ಆ ಎರಡನೇ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ.

ಮೇ ತಿಂಗಳಲ್ಲಿ ಮುಳಬಾಗಿಲಿನ ಏಜಾಜ್ ಎಂಬುವನು ಮನೆ ಹುಡುಕಿಕೊಂಡು ಬಂದ. ಕರಾಚಿಯ ವಿಮಾನ ನಿಲ್ದಾಣದಲ್ಲಿ ವೈರ್‌ಲೆಸ್ ಕೇಳುವ ಕೆಲಸ. ಒಂದೇ ಸೀಮೆಯವರೆಂದು ಅವನಿಗೂ ಕದಿರೇಶನಿಗೂ ಗೆಳೆತನ ಬೆಳೆದಿತ್ತು. ಖಾದರ್ ಮೇಷ್ಟ್ರನ್ನೂ ಕರೆಸಿ ಜಗಲಿಯ ಮೇಲೆ ಕೂತರು. ಕೊಟ್ಟ ಮಜ್ಜಿಗೆಯನ್ನು ಏಜಾಜ್ ಮುಟ್ಟಲಿಲ್ಲ.

"ಅವತ್ತು ನಾನೇ ಡ್ಯೂಟಿ ಮೇಲಿದ್ದೆ. ಸೂರ್ಯ ಹುಟ್ಟೋ ಹೊತ್ಗೆ ಸರಿಯಾಗಿ ಎದ್ರು. ದಾರಿ ಪೂರ್ತಿ ಟಿಕ್ಕು ಟಿಕ್ಕು ಅಂತ ಸುದ್ದಿ ಬರ್ತಾನೇ ಇತ್ತು. ಹವಾ ಚೆನ್ನಾಗೈತೆ, ಇಂಜಿನ್ ಚೆನ್ನಾಗೈತೆ. ಏಳು ಗಂಟೆ ಹನ್ನೆರಡು ನಿಮಿಷ ಆಗಿತ್ತು ಎದ್ದು. ಬಸ್ರಾ ಹತ್ರ ಬಂತು ಅಂತ ಕಳಿಸ್ತಾ ಇದ್ರು, ಮಾತು ಮುಗೀಲಿಲ್ಲ. ಕಿವೀಲಿ ಒಂದು ಸದ್ದು ಬಂತು ಚಾಚಾ. ಇಂಜಿನ್ ಸದ್ದಲ್ಲ, ಬೆಂಕಿ ಸದ್ದಲ್ಲ. ಬಾವೀಲಿ ಕೊಡ ಮುಳುಗಿದ್ರೆ ಬರ್ತದಲ್ಲ, ಗುಳುಂ ಅಂತ, ಹಂಗೆ. ಆಮೇಲೆ ಏನೂ ಇಲ್ಲ. ಹದಿನೈದು ದಿನ ಹುಡುಕಿದ್ರು, ಒಂದು ತಗಡೂ ಸಿಗಲಿಲ್ಲ."

ಗಂಗುಲಪ್ಪ ನಿಧಾನವಾಗಿ, ಮೊದಲಿನಿಂದ, ಬಟ್ಟಲಿಟ್ಟ ಸಂಗತಿಯನ್ನೆಲ್ಲ ಹೇಳಿದ. ಕಡೆಗೆ, "ನಮ್ದು ಇಪ್ಪತ್ತು ಗಳಿಗೆ ಆಗಿತ್ತಲ್ಲಪ್ಪ. ಎಂಟು ಗಂಟೆ ತುಂಬಿತ್ತಲ್ಲ. ಏಳು ಗಂಟೆ ಹನ್ನೆರಡು ನಿಮಿಷ ಹೆಂಗಾಗ್ತದೆ?" ಎಂದ.

ಮೇಷ್ಟ್ರು ತಟ್ಟನೆ ತಲೆಯೆತ್ತಿದರು. "ಬಟ್ಟಲು ಯಾವಾಗ ಇಟ್ರಿ?"

"ಸೂರ್ಯ ಹುಟ್ಟಿದಾಗ."

"ಎಲ್ಲಿ ಹುಟ್ಟಿದಾಗ?"

"ಎಲ್ಲಿ ಅಂದ್ರೇನು ಸ್ವಾಮಿ, ಇಲ್ಲೇ, ನಮ್ ಗುಡ್ಡದ ಮೇಲೆ. ಸೂರ್ಯ ಏನು ಊರಿಗೊಬ್ಬನಿರ್ತಾನಾ?"

ಮೇಷ್ಟ್ರು ಎದ್ದು ಶಾಲೆಗೆ ಹೋಗಿ ಆ ಜಜ್ಜಿದ ಗುಂಡನ್ನು ಎತ್ತಿಕೊಂಡು ಬಂದರು. ಬಿಸಿಲಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಮೊದಲು ನಮ್ಮ ಸೀಮೆಯ ಮೇಲೆ ಬಿಸಿಲು ಬಿತ್ತು. ಕರಾಚಿ ಇನ್ನೂ ನೆರಳಿನಲ್ಲಿತ್ತು. "ಇಲ್ಲಿಗೂ ಅಲ್ಲಿಗೂ ನಡುವೆ ಹನ್ನೆರಡು ಗೆರೆ ಅಂತ ಇಟ್ಕೊಳ್ಳಿ. ಒಂದು ಗೆರೆ ದಾಟೋಕೆ ಸೂರ್ಯನಿಗೆ ನಾಲ್ಕು ನಿಮಿಷ. ನಲವತ್ತೆಂಟು ನಿಮಿಷ. ನೀವು ಬಟ್ಟಲಿಟ್ಟಾಗ ಹುಡುಗ ಇನ್ನೂ ನೆಲದ ಮೇಲಿದ್ದ ಗಂಗುಲಪ್ಪನೋರೆ. ನೀವು ಬೋರಲು ಹಾಕಿದಾಗ..." ಅವರು ದಾರವನ್ನು ಬಸ್ರಾದಿಂದ ಹಿಂದಕ್ಕೆ ಬೆರಳಿನಷ್ಟು ಅಳೆದು ಉಗುರಿಟ್ಟರು. "ನೂರಿಪ್ಪತ್ತನಾಲ್ಕು ಮೈಲಿ ಇನ್ನೂ ಬಾಕಿ ಇತ್ತು."

ಉಗುರಿನ ಕೆಳಗೆ ನೀಲಿ ಬಣ್ಣವಿತ್ತು.

ನಲವತ್ತೆಂಟು ನಿಮಿಷ ಎಂದರೆ ಎರಡು ಗಳಿಗೆ. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಲವತ್ತು ವರ್ಷ ಊರವರ ಹೊತ್ತನ್ನೆಲ್ಲ ಕೈಯಲ್ಲಿಟ್ಟುಕೊಂಡು ಮೆರೆದವನು ಮನೆಯ ಮಗನ ವಿಷಯದಲ್ಲಿ ಎರಡು ಗಳಿಗೆ ಮುಂಚೆಯೇ ಬಟ್ಟಲನ್ನು ಬೋರಲು ಹಾಕಿದ್ದ. ಏಜಾಜ್, "ಬಟ್ಟಲಿಗೂ ಪ್ಲೇನಿಗೂ ಏನು ಸಂಬಂಧ ಚಾಚಾ, ನೀವು ಹಂಗೆಲ್ಲ ಅಂದ್ಕೋಬಾರ್ದು," ಎಂದು ಸಮಾಧಾನ ಮಾಡಿದ. ಹೇಳಿದ್ದನ್ನು ಅವನೇ ನಂಬಿರಲಿಲ್ಲ. ಆ ಗುಳುಂ ಸದ್ದು ಕೇಳಿದ್ದು ಅವನ ಕಿವಿಯೇ ಅಲ್ಲವೇ?

ಮುಂದಿನ ಗುರುವಾರದಿಂದ ಅದು ಶುರುವಾಯಿತು. ಸೂರ್ಯ ನೆತ್ತಿಯಿಂದ ವಾಲಿ, ಅವತ್ತು ಬಟ್ಟಲು ಬೋರಲಾದ ಹೊತ್ತು ಬಂದಾಗ, ಮನೆಯ ಮೇಲೆ ಸದ್ದು. ದೂರದಲ್ಲಿ ಹೊರಟು, ಹತ್ತಿರ ಬಂದು, ದೂರ ಹೋಗುವ ವಿಮಾನದ ಸದ್ದಲ್ಲ. ಬರುವುದೂ ಇಲ್ಲ, ಹೋಗುವುದೂ ಇಲ್ಲ, ಸೂರಿನ ನೇರಕ್ಕೆ ಗುಂಯ್ ಎಂದು ನಿಂತೇ ಇರುತ್ತಿತ್ತು. ಅಂಗಳಕ್ಕೆ ಬಂದು ನೋಡಿದರೆ ಬರೀ ಆಕಾಶ. ಪಕ್ಕದ ಮನೆಯ ಬೈರಮ್ಮನಿಗೆ ಕೇಳಿಸುತ್ತಿರಲಿಲ್ಲ. ಆದರೆ ಅವಳ ನಾಯಿ ಮಾತ್ರ ಗಂಗುಲಪ್ಪನ ಸೂರನ್ನೇ ನೋಡುತ್ತಾ ಬಾಲ ಮುದುರಿಕೊಂಡು ಕೂರುತ್ತಿತ್ತು. ಸಂಜೆಗೆ ಸದ್ದು ಅಡಗುತ್ತಿತ್ತು. ಆ ದಿನದ ಅನ್ನ ಎಷ್ಟು ತೊಳೆದು ಬೇಯಿಸಿದರೂ ಉಪ್ಪು.

ಗಂಗುಲಪ್ಪ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದ. ಮದುವೆಗೆ ಕರೆಯಲು ಬಂದವರನ್ನು, ಗಡಿಯಾರ ತಗೊಳ್ಳಿ ಹೋಗ್ರಯ್ಯ ಎಂದು ಬೈದು ಕಳಿಸಿದ. ಮೀಸೆ ತಿರುವುತ್ತಿದ್ದ ಗಂಡಸು ಗುರುವಾರ ಬಂತೆಂದರೆ ಹತ್ತಿಯ ಉಂಡೆ ಕಿವಿಗೆ ತುರುಕಿಕೊಂಡು ತೋಪು ಸೇರುತ್ತಿದ್ದ. ಶಾಮಲಮ್ಮ ಮಾತ್ರ ಅಂಗಳದಲ್ಲೇ ಕೂತು, ಉಪ್ಪು ಅನ್ನವನ್ನು ಒಂದಗಳೂ ಬಿಡದೆ ಉಣ್ಣುತ್ತಿದ್ದಳು.

ಊರ ಹಿರಿಯರು ಒಂದು ದಿನ ಬಂದರು. ಅವರ ಪರವಾಗಿ ಮಾತಾಡಿದವನು ಮುನಿಕೃಷ್ಣಪ್ಪ, ಕದಿರೇಶನಿಗೆ ದೊಡ್ಡಪ್ಪನಾಗಬೇಕಾದವನು. "ಹುಲ್ಲಿನ ಬೊಂಬೆ ಮಾಡಿ ಮಣ್ಣು ಮಾಡೋಣ. ಮೂರು ಹಿಡಿ ಮಣ್ಣು ಬೀಳ್ದೆ ಹೋದ್ರೆ ಹೋದ ಜೀವಕ್ಕೆ ನೆಲೆ ಸಿಗಲ್ಲ. ಹೆಣ್ಮಗಳು ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ, ಎಷ್ಟು ದಿನ ಹಿಂಗೆ?"

"ಹುಲ್ಲಿಗೆ ಮಣ್ಣು ಹಾಕಿದ್ರೆ ಹುಲ್ಲಿಗೆ ಸೇರ್ತದೆ ದೊಡ್ಡಪ್ಪ," ಎಂದಳು ಶಾಮಲಮ್ಮ. "ಅವ್ರಿನ್ನೂ ಇಳ್ದೇ ಇಲ್ಲ."

ಅವರು ಹೋದ ಮೇಲೆ ಅಟ್ಟ ಹತ್ತಿ ಬಟ್ಟಲನ್ನು ಇಳಿಸಿದಳು. ಹುಣಸೆಹಣ್ಣು ಹಾಕಿ ಬೆಳಗಿದಳು. ಅಪ್ಪನ ಮುಂದೆ ತಂದಿಟ್ಟಳು.

"ಬೇಡ ಕಣಮ್ಮ," ಎಂದ ಗಂಗುಲಪ್ಪ.

"ಎರಡು ಗಳಿಗೆ ನಾಯ್ನ. ಅವತ್ತು ನೀನು ನಿಲ್ಸಿದ್ದು ಎಲ್ಲೋ ಅಲ್ಲಿಂದ ಇಡು. ಗುರುವಾರ ಸದ್ದು ಬರ್ತದಲ್ಲ, ಆಗ ಇಡು."

"ಇಳ್ಸಿದ್ರೆ ಎಲ್ಲಿ ಇಳೀತಾನೋ ಯಾರಿಗ್ಗೊತ್ತೇ? ನೀರೋ ನೆಲಾನೋ? ಹಿಂಗಿದ್ರೆ ನಿನ್ ಹಣೇಲಿ ಕುಂಕುಮನಾದ್ರೂ ಇರ್ತದೆ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಹೆಂಡತಿ ಸತ್ತಾಗಲೂ ಮಗಳ ಮುಂದೆ ಅತ್ತಿರಲಿಲ್ಲ. ಆರು ವರ್ಷದ ತಬ್ಬಲಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಮನೆಗೆ ತಂದಿದ್ದ. ಆ ಮಗುವನ್ನು ತಾನೇ ಆಕಾಶದಲ್ಲಿ ಬಿಟ್ಟು ಬಾಗಿಲು ಹಾಕಿಕೊಂಡೆನಲ್ಲ ಎಂಬ ಸಂಕಟ ಅವನನ್ನು ಬಿಟ್ಟಿರಲಿಲ್ಲ. ಇಳಿಸಲು ಹೋದರೆ ಮಗಳನ್ನು ಕೈಯಾರೆ ವಿಧವೆ ಮಾಡಬೇಕಾಗಬಹುದು. ಇಳಿಸದಿದ್ದರೆ ಅವನು ಅಲ್ಲೇ. ಯಾವ ಜೋಯಿಸರೂ ಇದಕ್ಕೊಂದು ಹೊತ್ತು ಬರೆದುಕೊಡಲಾರರು.

ಆಷಾಢದ ಗುರುವಾರ. ಗಾಳಿ ಬೀಸುವ ತಿಂಗಳಾದರೂ ಅವತ್ತು ಒಂದೆಲೆಯೂ ಅಲುಗುತ್ತಿರಲಿಲ್ಲ. ಖಾದರ್ ಮೇಷ್ಟ್ರು ಬಂದು ಜಗಲಿಯ ಮೇಲೆ ಕೂತರು, ಯಾರೂ ಕರೆದಿರಲಿಲ್ಲ. ಕೊಪ್ಪರಿಗೆಗೆ ನೀರು ತುಂಬಿ, ಎರಡೇ ಎರಡು ಹುಣಸೆಬೀಜ ಇಟ್ಟುಕೊಂಡು ಗಂಗುಲಪ್ಪ ಕಾದ. ಸೂರ್ಯ ವಾಲಿದ. ಸೂರಿನ ಮೇಲೆ ಗುಂಯ್ ಎಂದು ಶುರುವಾಯಿತು. ಅವನು ಬಟ್ಟಲನ್ನು ನೀರಿಗಿಳಿಸಿದ.

ಇಷ್ಟು ದಿನ ನಿಂತಲ್ಲೇ ನಿಂತಿದ್ದ ಸದ್ದು ಅಲುಗಿತು. ಮುಂದಕ್ಕೆ ಹೊರಟಿತು. ಹೊರಟಿತೆಂದು ಹೇಗೆ ಹೇಳುವುದು, ಅದು ಸೂರನ್ನು ಬಿಟ್ಟು ಕದಲಿರಲಿಲ್ಲ. ಆದರೂ ಹೊರಟಿದೆಯೆಂದು ಅವನಿಗೂ ಅವಳಿಗೂ ಗೊತ್ತಾಯಿತು. ಮೇಷ್ಟ್ರು ತುಟಿಯಲ್ಲೇ ಏನೋ ಓದಿಕೊಳ್ಳುತ್ತಿದ್ದರು.

ಮೊದಲ ಬಟ್ಟಲು ಸರಿಯಾಗಿ ಮುಳುಗಿತು. ಒಂದು ಬೀಜ ಪಕ್ಕಕ್ಕೆ ಹೋಯಿತು. ಎರಡನೆಯದು ಇಳಿಯಿತು.

ಸದ್ದು ಕೆಳಗೆ ಬರತೊಡಗಿತು. ಹೆಂಚುಗಳು ಕಟಕಟ ಅದುರಿದವು. ಬಟ್ಟಲಿನೊಳಗೆ ನೀರು ಅರ್ಧಕ್ಕೇರಿತು, ಮುಕ್ಕಾಲಿಗೇರಿತು. ಅಂಚಿಗೆ ಇನ್ನು ಕೂದಲ ದಪ್ಪ ಉಳಿದಿದೆ ಎನ್ನುವಾಗ ಗಂಗುಲಪ್ಪನ ಕೈ ತಾನಾಗಿಯೇ ನೀರಿಗೆ ಹೋಯಿತು. ಬಟ್ಟಲಿನ ಕೆಳಗೆ ಒಂದು ಬೆರಳು ಕೊಟ್ಟು ಹಿಡಿದ. ತೂತು ಮುಚ್ಚಿತು. ಬಟ್ಟಲು ನಿಂತಿತು. ಮೇಲಿನ ಸದ್ದೂ ನಿಂತಲ್ಲೇ ನಿಂತು, ನೋವಿನಿಂದೆಂಬಂತೆ ನರಳಿತು.

ಶಾಮಲಮ್ಮ ಅವನ ಮುಂಗೈ ಮೇಲೆ ಕೈಯಿಟ್ಟಳು. ಎಳೆಯಲಿಲ್ಲ.

"ಬಿಡು ನಾಯ್ನ. ಎಷ್ಟ್ ದಿನ ಅಂತ ಮೇಲೇ ತಿರುಗ್ತಾರೆ? ಸುಸ್ತಾಗಿರ್ತದೆ."

ಅವನು ಬೆರಳು ತೆಗೆದ.

ಗುಳುಂ ಎಂದಿತು. ಸದ್ದು ಅಲ್ಲೇ ಅಡಗಿತು, ಎಲ್ಲಿಗೂ ಹೋಗಲಿಲ್ಲ. ಬೈರಮ್ಮನ ನಾಯಿ ಎದ್ದು ಮೈಕೊಡವಿಕೊಂಡು ಬೀದಿಗೆ ಹೋಯಿತು. ಗಂಗುಲಪ್ಪ ಬಟ್ಟಲೆತ್ತಿ ಅಕ್ಕಿಯ ಮೇಲೆ ಬೋರಲು ಹಾಕಿ, ಎರಡನೇ ಬೀಜವನ್ನು ಪಕ್ಕಕ್ಕಿಟ್ಟು, ತಲೆ ಬಗ್ಗಿಸಿ ಕೂತ. ಯಾರಾದರೂ ಬರುವರೇನೋ ಎಂದು ಶಾಮಲಮ್ಮ ಬಾಗಿಲ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಬೀದಿಯಲ್ಲಿ ಬಿಸಿಲಿತ್ತು, ಇನ್ನೇನೂ ಇರಲಿಲ್ಲ.

ಆಮೇಲೆ ಅಕ್ಕಿ ತೆಗೆದುಕೊಳ್ಳಲೆಂದು ಬಟ್ಟಲನ್ನು ಎತ್ತಿದಳು.

ಆಗ ತಾನೇ ನೀರಿನಿಂದ ಬಂದ ಬಟ್ಟಲಿನ ಒಳಗೆ ಒಂದು ಹನಿಯೂ ಇರಲಿಲ್ಲ. ಅದರ ಕೆಳಗೆ, ಅಕ್ಕಿಯ ಮೇಲೆ, ಮರಳಿತ್ತು. ಮೂರು ಹಿಡಿಯಷ್ಟು. ನಮ್ಮ ಕಡೆಯ ಕೆಮ್ಮಣ್ಣಲ್ಲ, ಕೆರೆಯ ಗೋಡುಮಣ್ಣಲ್ಲ. ಹಿಟ್ಟಿನಷ್ಟು ನಯವಾದ, ತಿಳಿ ಹಳದಿಯ, ಒಣ ಮರಳು. ಮುಟ್ಟಿದರೆ ಬಿಸಿಲಿನಲ್ಲಿದ್ದ ಹಾಗೆ ಬೆಚ್ಚಗಿತ್ತು.

ಗಂಗುಲಪ್ಪ ಕೂತಲ್ಲಿಂದಲೇ ಹಿಂದಕ್ಕೆ ಸರಿದ. ಮೇಷ್ಟ್ರು ಬಾಗಿ ನೋಡಿ, ಟೋಪಿ ಸರಿಮಾಡಿಕೊಂಡು ಎರಡೂ ಕೈ ಮೇಲಕ್ಕೆತ್ತಿ ನಿಂತರು. ಶಾಮಲಮ್ಮ ಮಾತ್ರ ಹೆದರಲಿಲ್ಲ. ಮರಳನ್ನು ಬೆರಳಲ್ಲಿ ಹಿಡಿದು, ಅಂಗೈಗೆ ಉದುರಿಸಿಕೊಂಡು, ಮತ್ತೆ ಹಿಡಿದು ನೋಡಿದಳು.

"ನೀರಾಗೆ ಇಲ್ಲ ನಾಯ್ನ ಅವ್ರು," ಎಂದಳು. "ನೆಲಕ್ಕೆ ಇಳ್ದವ್ರೆ. ಯಾರೋ ಪುಣ್ಯಾತ್ಮರು ಮಣ್ಣು ಹಾಕವ್ರೆ."

ಆ ಮಾತಿನ ಮೇಲೆ ಅವಳಿಗೆ ಅಳು ಬಂತು. ಕಾಗದ ಬಂದಂದಿನಿಂದ ಕಟ್ಟಿಟ್ಟಿದ್ದ ಅಳು. ಅಪ್ಪ ಮಗಳು ಇಬ್ಬರೂ ಆ ತಟ್ಟೆಯ ಎರಡು ಕಡೆ ಕೂತು ಸಾಕಾಗುವವರೆಗೆ ಅತ್ತರು. ಅಳು ನಿಂತ ಮೇಲೆ ಶಾಮಲಮ್ಮ ಮರಳನ್ನು ಒಂದು ಕಾಳೂ ಚೆಲ್ಲದ ಹಾಗೆ ಸೆರಗಿಗೆ ಬಳಿದುಕೊಂಡು ಎದ್ದಳು. ಹಿತ್ತಲಿನ ಮಾವಿನ ಬುಡದಲ್ಲಿ ತಾನೇ ಗುಂಡಿ ತೋಡಿ ಅದನ್ನಿಟ್ಟಳು. ಅಪ್ಪ ಮೂರು ಹಿಡಿ ಮಣ್ಣು ಹಾಕಿದ, ಅವಳು ಮೂರು ಹಿಡಿ ಹಾಕಿದಳು, ಮೇಷ್ಟ್ರೂ ಬಂದು ಮೂರು ಹಿಡಿ ಹಾಕಿದರು. ಬಾವಿಯ ಹತ್ತಿರ ಹೋಗಿ ಅವಳೇ ಬಳೆ ತೆಗೆದು, ಹಣೆ ತೊಳೆದುಕೊಂಡು ಬಂದಳು. ತಟ್ಟೆಯಲ್ಲಿ ಉಳಿದಿದ್ದ ಅಕ್ಕಿಯನ್ನು ಒಲೆಗಿಟ್ಟಳು.

ಅವತ್ತು ಅನ್ನಕ್ಕೆ ಉಪ್ಪು ಅವಳೇ ಹಾಕಬೇಕಾಯಿತು.